ದಿಬ್ಬೂರಹಳ್ಳಿಯ ಮಾಳಿಗೆಯಿಂದ

ಪ್ರವಾಸವೆಂದರೆ ನಮ್ಮಲ್ಲಿ ಬಹುಮಂದಿಗೆ ಒಂದು ನದಿಯಾದರೂ, ಒಂದು ಕ್ಷೇತ್ರವಾದರೂ, ಅದೂ ಇಲ್ಲದಿದ್ದರೆ ಒಂದು ಹಾಳುಬಿದ್ದ ಕೋಟೆಯಾದರೂ ಇರಬೇಕು. ನಾವು ದಿಬ್ಬೂರಹಳ್ಳಿಗೆ ಹೋದುದು ಇವಾವುದಕ್ಕಾಗಿಯೂ ಅಲ್ಲ; ಕತ್ತಲೆಯನ್ನು ನೋಡುವುದಕ್ಕಾಗಿ. ಬೆಂಗಳೂರಿನಲ್ಲಿ ವಾಸಮಾಡುವವರಿಗೆ ಕತ್ತಲೆಯು ಈಗ ಬಲು ದುರ್ಲಭವಾದ ಪದಾರ್ಥವಾಗಿದೆ. ಆಕಾಶಗಂಗೆಯನ್ನು ಕಣ್ಣಾರೆ ಕಂಡೇ ಇಲ್ಲದ ಹತ್ತು ಹನ್ನೆರಡು ವರ್ಷದ ಮಕ್ಕಳು ನಮ್ಮ ನಂಟರಿಷ್ಟರ ಮನೆಗಳಲ್ಲಿಯೇ ಹಲವರಿದ್ದಾರೆ. ಅದರ ಚಿತ್ರವನ್ನು ಅವರು ಪುಸ್ತಕದಲ್ಲಿ ನೋಡಿದ್ದಾರೆ. ತಲೆಯ ಮೇಲೆ ನೋಡಿಲ್ಲ.

ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದು, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಪಾಲಿಗೆ ಬಂದಿರುವ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ದಿಬ್ಬೂರಹಳ್ಳಿಯುಂಟು. ಈ ಸೀಮೆಯೆಲ್ಲ ಬಂಡೆಗಳ ಸೀಮೆ. ಎಲ್ಲಿ ನೋಡಿದರೂ ಬೋಳು ಗುಡ್ಡ, ಗುಡ್ಡದ ಬುಡದಲ್ಲಿ ಕೆರೆ, ಕೆರೆಯ ಕೆಳಗೆ ರಾಗಿಯ ಹೊಲ, ಕೊಳವೆಬಾವಿಯ ನೀರಿದ್ದ ಕಡೆ ಹಸುರಾದ ಹಿಪ್ಪುನೇರಳೆಯ ತೋಟ. ಜನರ ಬಾಯಲ್ಲಿ ಕನ್ನಡವೂ ತೆಲುಗೂ ಒಂದೇ ವಾಕ್ಯದೊಳಗೆ ಕೂಡಿ ಬಾಳುತ್ತವೆ. ರೇಷ್ಮೆಯೇ ಇಲ್ಲಿಯವರ ಬದುಕು; ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೆಸರನ್ನು ಕೇಳದವರು ಕಡಿಮೆ. ಹುಳು ಸಾಕುವ ಮನೆಗಳಿಗೆ ರಾತ್ರಿಯೆಂಬುದು ಪೂರ್ತಿಯಾಗಿ ನಿದ್ರೆಗೆ ಸೇರಿದ ಕಾಲವಲ್ಲ. ಹುಳುಗಳು ನಾಲ್ಕನೆಯ ಜ್ವರದಿಂದೆದ್ದ ಮೇಲೆ ಅವುಗಳ ಹಸಿವಿಗೆ ಹೊತ್ತುಗೊತ್ತಿಲ್ಲ. ನಡುರಾತ್ರಿಯಲ್ಲಿ ಎದ್ದು ಸೊಪ್ಪು ಹಾಕಿ, ಹೊರಗೆ ಬಂದು ಕೈ ತೊಳೆದು, ಒಮ್ಮೆ ಮೇಲೆ ನೋಡಿ ಒಳಗೆ ಹೋಗುವುದು ಈ ಮನೆಗಳ ವಾಡಿಕೆ. ಅಂತಹ ಒಂದು ಮನೆಯಲ್ಲಿ, ಯುಗಾದಿಯ ಹಿಂದಿನ ಅಮಾವಾಸ್ಯೆಯ ರಾತ್ರಿ, ನಾವು ಅತಿಥಿಗಳಾಗಿದ್ದೆವು.

ಊಟವಾದ ಮೇಲೆ ಮಾಳಿಗೆಯ ಮೇಲೆ ಚಾಪೆ ಹಾಸಿಸಿಕೊಂಡು ಕುಳಿತೆವು. ನೈಋತ್ಯದ ಅಂಚಿನಲ್ಲಿ ಬೆಂಗಳೂರಿನ ದೀಪಗಳು ಮಸಕು ಹೊಂಬಣ್ಣವಾಗಿ ಹರಡಿದ್ದವು. ಉಳಿದ ದಿಕ್ಕುಗಳೆಲ್ಲ ಚೆನ್ನಾಗಿಯೇ ಕಪ್ಪಾಗಿದ್ದವು. ಹತ್ತು ಗಂಟೆಯ ವೇಳೆಗೆ ಈಶಾನ್ಯದಲ್ಲಿ ಸಪ್ತರ್ಷಿಮಂಡಲವು ಏರಿ ಬಂದಿತ್ತು. ಮದುವೆಯ ದಿನ ಪುರೋಹಿತರು ಅರುಂಧತಿಯನ್ನು ತೋರಿಸುವ ಶಾಸ್ತ್ರವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿದ್ದಾರೆ. ಮೋಡವಿದ್ದರೂ, ನಡುಹಗಲಾಗಿದ್ದರೂ ‘ಕಂಡಿತು’ ಎಂದು ಹೇಳಿ ಎದ್ದುಬಿಡುವುದು ನಮ್ಮ ರೂಢಿ, ಅದು ಬೇರೆಯ ಮಾತು. ಅರುಂಧತಿಯನ್ನು ಬಗಲಲ್ಲಿಟ್ಟುಕೊಂಡಿರುವ ನಕ್ಷತ್ರವೇ ವಸಿಷ್ಠ. ಅಲ್ಲಿಂದ ಮುಂದೆ ಬಾಲದ ತುದಿಯಲ್ಲಿರುವುದು ಮರೀಚಿ. ಕೈಯನ್ನು ನೀಳವಾಗಿ ಚಾಚಿ ಮರೀಚಿಯಿಂದ ಈಶಾನ್ಯದ ಕಡೆಗೆ ಮೂರು ಬೆರಳಿನಷ್ಟು ಸರಿದರೆ, ಬರಿಯ ಕಣ್ಣಿಗೆ ಏನೂ ಇಲ್ಲದಂತೆ ತೋರುವ ಒಂದು ತುಣುಕು ಆಕಾಶವು ಸಿಕ್ಕುತ್ತದೆ. ವಸಿಷ್ಠ, ಮರೀಚಿ, ಈ ಸ್ಥಳ, ಮೂರೂ ಸೇರಿ ಒಂದು ತ್ರಿಕೋಣವಾಗುತ್ತದೆಂದು ಇಟ್ಟುಕೊಳ್ಳಬಹುದು. ನಾವು ಆ ರಾತ್ರಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದುದು ಏನೂ ಕಾಣದ ಈ ತುಣುಕನ್ನೇ.

ಅದಕ್ಕೆ ಕಾರಣವುಂಟು. ಈ ತುಣುಕಿನೊಳಗೆ, 2023ರ ನವೆಂಬರಿನಲ್ಲಿ, ಲೂಕಾ ಕೋಸ್ಟಾಂಟಿನ್ ಎಂಬ ಖಗೋಳಜ್ಞನೂ ಅವನ ಜೊತೆಗಾರರೂ ಒಂದು ಗೆಲಾಕ್ಸಿಯನ್ನು ಗುರುತಿಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಹೆಸರು ಸಿಯರ್ಸ್-2112. ಹೆಸರಿನಲ್ಲಿ ಸೊಗಸಿಲ್ಲ, ವಿಷಯದಲ್ಲಿದೆ. ಅದರ ಬೆಳಕು ಹೊರಟು ಸುಮಾರು 1170 ಕೋಟಿ ವರ್ಷಗಳಾಗಿವೆ. ವಿಶ್ವದ ವಯಸ್ಸೇ 1380 ಕೋಟಿ ವರ್ಷವೆಂದು ಈಗಿನ ಲೆಕ್ಕ. ಎಂದರೆ, ಜಗತ್ತು ಹುಟ್ಟಿ ಇನ್ನೂ 210 ಕೋಟಿ ವರ್ಷವಾಗಿದ್ದಾಗಿನ ನೋಟವದು. ದಿಬ್ಬೂರಹಳ್ಳಿಯ ಸುತ್ತಲಿನ ಈ ಬಂಡೆಗಳನ್ನೇ ನೋಡಿ ಅಳೆಯಬಹುದು. ಈ ಸೀಮೆಯ ಕಲ್ಲು ಕರಗಿದ ಸ್ಥಿತಿಯಿಂದ ಗಟ್ಟಿಯಾಗಿ ಸುಮಾರು 250 ಕೋಟಿ ವರ್ಷಗಳಾದುವೆಂದು ಭೂಶಾಸ್ತ್ರಜ್ಞರು ಹೇಳುತ್ತಾರೆ. ಈ ಬಂಡೆಗಳು ಹುಟ್ಟುವ ಹೊತ್ತಿಗೆ ಆ ಬೆಳಕು ಆಗಲೇ ಒಂಬೈನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ದಾರಿ ನಡೆದಿತ್ತು.

ದೂರದ ಗೆಲಾಕ್ಸಿಗಳು ಬೇಕಾದಷ್ಟಿವೆ. ಇದರದೇನು ವಿಶೇಷ? ಇದು ದಂಡವುಳ್ಳ ಸುರುಳಿ, ಅಲ್ಲಿಯೇ ಸ್ವಾರಸ್ಯವಿರುವುದು.

ಸುರುಳಿ ಗೆಲಾಕ್ಸಿ ಎಂದರೇನೆಂದು ಬೇರೆ ಕಡೆಯಾದರೆ ಚಿತ್ರ ಬರೆದು ತೋರಿಸಬೇಕು. ಇಲ್ಲಿ ಆ ಶ್ರಮವಿರಲಿಲ್ಲ. ಕೆಳಗಿನ ಜಗಲಿಗೆ ಒರಗಿಸಿ ಬಾಡಿಗೆಗೆ ತಂದ ಚಂದ್ರಿಕೆಗಳನ್ನು ನಿಲ್ಲಿಸಿದ್ದರು. ಇದನ್ನು ನೋಡದವರಿಗಾಗಿ ಹೇಳುತ್ತೇವೆ: ಹಣ್ಣಾದ ರೇಷ್ಮೆಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಚಾಪೆಯ ಮೇಲೆ ಬಿದಿರಿನ ಅಗಲವಾದ ಪಟ್ಟಿಯನ್ನು ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ನಿಲ್ಲಿಸಿ ಹೊಲಿದಿರುತ್ತಾರೆ. ಆ ಸುತ್ತುಗಳ ಸಂದುಗಳಲ್ಲಿ ಹುಳುಗಳು ಗೂಡು ಕಟ್ಟುತ್ತವೆ. ನಕ್ಷತ್ರಗಳೂ ಹಾಗೆಯೇ, ಗೆಲಾಕ್ಸಿಯ ಸುರುಳಿತೋಳುಗಳಲ್ಲಿ ಒತ್ತಾಗಿ ಹುಟ್ಟುತ್ತವೆ. ಈಗ ಚಂದ್ರಿಕೆಯ ನಟ್ಟನಡುವೆ ಒಂದು ಗಟ್ಟಿ ಕೋಲನ್ನು ಅಡ್ಡಲಾಗಿ ಇಟ್ಟು, ಸುತ್ತುಗಳೆಲ್ಲ ನಡುಬಿಂದುವಿನಿಂದ ಹೊರಡದೆ ಆ ಕೋಲಿನ ಎರಡು ತುದಿಗಳಿಂದ ಹೊರಡುವಂತೆ ಮಾಡಿದರೆ ಹೇಗಿರುತ್ತದೆಯೋ, ಅದೇ ದಂಡವುಳ್ಳ ಸುರುಳಿ. ಆ ಕೋಲು ಲೋಹವಲ್ಲ, ಮರವಲ್ಲ. ಕೋಟಿ ಕೋಟಿ ನಕ್ಷತ್ರಗಳು ಉದ್ದುದ್ದನೆಯ ದಾರಿಗಳಲ್ಲಿ ಓಡಾಡುತ್ತ ಕೂಡಿ ತೋರುವ ರೂಪ. ಒಟ್ಟು ದಂಡವು ಒಂದಾಗಿಯೇ ತಿರುಗುತ್ತದೆ.

ಇಂತಹವುಗಳಲ್ಲಿ ಬಹು ಪ್ರಸಿದ್ಧವಾದ ಒಂದನ್ನು 1826ರಲ್ಲಿಯೇ ಆಸ್ಟ್ರೇಲಿಯದ ಪ್ಯಾರಮಾಟಾದಿಂದ ಜೇಮ್ಸ್ ಡನ್‌ಲಪ್ ಎಂಬವನು ಕಂಡನು. ಇಂದು ಅದರ ಪಟ್ಟಿಯ ಹೆಸರು ಎನ್.ಜಿ.ಸಿ. 1365, ದೂರ ಸುಮಾರು 5.6 ಕೋಟಿ ಜ್ಯೋತಿರ್ವರ್ಷ. ಅವನಿಗೆ ಕಂಡದ್ದು ಒಂದು ಮಂಜಿನ ಚುಕ್ಕೆ ಮಾತ್ರ. ದಂಡವು ಸ್ಪಷ್ಟವಾಗಿ ತೋರಿದುದು ಫೋಟೋಗ್ರಾಫಿಯು ಬಂದ ಮೇಲೆ. 1918ರಲ್ಲಿ ಹೀಬರ್ ಕರ್ಟಿಸ್ ಎಂಬ ಅಮೆರಿಕದ ಖಗೋಳಜ್ಞನು ಈ ರೂಪವು ಗ್ರೀಕರ ‘ಫೈ’ ಅಕ್ಷರದಂತಿದೆಯೆಂದು ಹೇಳಿ ಇವನ್ನು ಬೇರೆ ಪಂಗಡವಾಗಿ ಎಣಿಸಿದನು. 1926ರಲ್ಲಿ ಎಡ್ವಿನ್ ಹಬಲ್‌ನು ಗೆಲಾಕ್ಸಿಗಳನ್ನು ವರ್ಗೀಕರಿಸಿದಾಗ ದಂಡವುಳ್ಳವಕ್ಕೆ ಒಂದು ಪ್ರತ್ಯೇಕ ಸಾಲನ್ನೇ ಕೊಟ್ಟನು. ನಮ್ಮ ಸುತ್ತಮುತ್ತಲಿನ ಸುರುಳಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಿಗೆ ಸಣ್ಣದೋ ದೊಡ್ಡದೋ ದಂಡವಿದೆಯೆಂದು ಈಚಿನ ಎಣಿಕೆ.

ದಂಡವು ಸುಮ್ಮನೆ ಅಲಂಕಾರಕ್ಕಿರುವುದಲ್ಲ. ಮನೆಯೊಡತಿಯು ಬೆಳಗಿನ ಜಾವದಲ್ಲಿ ಮೊಸರು ಕಡೆಯುವುದನ್ನು ನೆನೆಯಿರಿ. ಕಡಗೋಲು ತಿರುಗಿದಂತೆಲ್ಲ ಬೆಣ್ಣೆಯು ಕೂಡಿಕೊಳ್ಳುತ್ತದೆ. ದಂಡವೂ ಗೆಲಾಕ್ಸಿಯ ಕಡಗೋಲು. ಅದು ತಿರುಗುತ್ತ ಹೊರಗಡೆಯ ಅನಿಲದ ವೇಗವನ್ನು ಕುಂದಿಸಿ ಅದನ್ನು ನಡುವಿನ ಕಡೆಗೆ ಇಳಿಸುತ್ತದೆ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಆದರೆ ಕಡಗೋಲು ನಿಲ್ಲಬೇಕಾದರೆ ಗಡಿಗೆ ಅಲ್ಲಾಡದಿರಬೇಕು. ವಿಶ್ವದ ಎಳೆತನದಲ್ಲಿ ಗೆಲಾಕ್ಸಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ಅನಿಲದಿಂದ ಕದಡಿಕೊಂಡು, ನೆಮ್ಮದಿಯಿಲ್ಲದೆ ಇದ್ದುವು. ಅಂತಹ ಕಾಲದಲ್ಲಿ ದಂಡವು ಮೂಡುವುದು ಕಷ್ಟವೆಂದೇ ಬಹುಕಾಲದ ಅಭಿಪ್ರಾಯ. 2008ರಲ್ಲಿ ಕಾರ್ತಿಕ್ ಶೇಠ್ ಮೊದಲಾದವರು ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕು ಸುರುಳಿಗಳನ್ನು ಪರೀಕ್ಷಿಸಿದರು. ಇಂದು ನೂರಕ್ಕೆ 65ರಷ್ಟಿರುವ ದಂಡಗಳ ಸಂಖ್ಯೆಯು ಸುಮಾರು 700 ಕೋಟಿ ವರ್ಷಗಳ ಹಿಂದೆ ನೂರಕ್ಕೆ 20ಕ್ಕೆ ಇಳಿದಿತ್ತೆಂದು ಅವರಿಗೆ ತೋರಿತು. ಇನ್ನೂ ಹಿಂದಕ್ಕೆ ಹೋದರೆ ಏನೂ ಇರಲಾರದೆಂದು ಊಹಿಸಿದರೆ ತಪ್ಪೇನು?

ತಪ್ಪಿದ್ದುದು ಕಣ್ಣಿನಲ್ಲಿ. ದೂರದ ಬೆಳಕು ಬರುಬರುತ್ತ ಹಿಗ್ಗುತ್ತದೆ. ಸಿಯರ್ಸ್-2112ರ ಬೆಳಕಿನ ಅಲೆಯು ಹೊರಟಾಗಿನದಕ್ಕಿಂತ ನಾಲ್ಕು ಪಟ್ಟು ಉದ್ದವಾಗಿ ನಮ್ಮನ್ನು ಮುಟ್ಟುತ್ತದೆ. ದಂಡದಲ್ಲಿರುವ ಹಳೆಯ ನಕ್ಷತ್ರಗಳ ಹಳದಿ, ಕೆಂಪು ಬೆಳಕೆಲ್ಲ ಅವಕೆಂಪು ಕಿರಣವಾಗಿ ಬರುತ್ತದೆ. ಅದು ಹಬಲ್‌ನ ಕಣ್ಣಿಗೆ ಸರಿಯಾಗಿ ನಿಲುಕದು. 2021ರ ಡಿಸೆಂಬರ್ 25ರಂದು ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕವು ಇಂತಹ ಕಿರಣಗಳಿಗಾಗಿಯೇ ಆದದ್ದು. ಅದರ ಕನ್ನಡಿಯ ಅಡ್ಡಳತೆ 6.5 ಮೀಟರು, ಅದು ಇರುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದಲ್ಲಿ, ಸೂರ್ಯನಿಗೆ ಬೆನ್ನು ಮಾಡಿಕೊಂಡು. ಟೆಕ್ಸಾಸಿನ ಯೂಚೆನ್ ಗುವೊ, ಶಾರದಾ ಜೋಗಿ ಮೊದಲಾದವರು 2023ರ ಮೊದಲಲ್ಲಿಯೇ ಈ ಯಂತ್ರದಿಂದ ಸುಮಾರು 1100 ಕೋಟಿ ವರ್ಷ ಹಿಂದಿನ ಒಂದು ದಂಡವನ್ನು ತೋರಿಸಿದರು. ಹಬಲ್‌ನ ಚಿತ್ರದಲ್ಲಿ ಒರಸಿದ ಮಸಿಯಂತಿದ್ದ ಆ ಗೆಲಾಕ್ಸಿಯು ವೆಬ್‌ನ ಚಿತ್ರದಲ್ಲಿ ದಂಡವೂ ತೋಳುಗಳೂ ಸಹಿತ ನಿಂತಿತು. ಅದೇ ವರ್ಷದ ಕೊನೆಯಲ್ಲಿ ಬಂದುದು ಸಿಯರ್ಸ್-2112. ನಮ್ಮ ಆಕಾಶಗಂಗೆಯು ಆ ವಯಸ್ಸಿನಲ್ಲಿದ್ದಾಗ ಎಷ್ಟು ತೂಕವಿದ್ದಿರಬಹುದೋ ಅದರ ತೂಕವೂ ಹೆಚ್ಚುಕಡಿಮೆ ಅಷ್ಟೆಂದು ಕಂಡುಹಿಡಿದವರು ಲೆಕ್ಕಹಾಕಿದ್ದಾರೆ. ಆದುದರಿಂದ ನಾವು ನೋಡುತ್ತಿರುವುದು ಯಾರದೋ ಮನೆಯ ಚಿತ್ರವಾದರೂ, ನಮ್ಮ ಮನೆಯ ಬಾಲ್ಯದ ಚಿತ್ರವೂ ಹೀಗೆಯೇ ಇದ್ದೀತೆಂದು ಹೇಳಲು ಅಡ್ಡಿಯಿಲ್ಲ.

ಈ ಮಾತನ್ನು ಕೇಳುತ್ತ ಕುಳಿತಿದ್ದ ಆ ಮನೆಯ ಹುಡುಗಿ, ಒಂಬತ್ತನೆಯ ತರಗತಿಯಲ್ಲಿ ಓದುವವಳು, “ತಾತ, ನಮ್ಮ ಮನೇದು ಫೋಟೋ ತೆಗೀಬೇಕಾದರೆ ಅಂಗಳಕ್ಕೆ ಇಳೀಬೇಕು. ಆಕಾಶಗಂಗೇದು ತೆಗೆಯೋಕೆ ಎಲ್ಲಿಗೆ ಇಳಿಯೋದು?” ಎಂದು ಕೇಳಿದಳು. ಆಕೆಯ ಅಜ್ಜಿ, “ಸುಮ್ಮನಿರೇ, ಅವರಿಗೆ ನಿದ್ದೆ ಬಂದೈತೆ” ಎಂದು ಗದರಿಸಿ ಸೊಪ್ಪು ಹಾಕುವುದಕ್ಕೆ ಕೆಳಗೆ ಹೋದರು. ನಿದ್ದೆಯೇನೋ ಬಂದಿತ್ತು, ಆದರೆ ಅಂತಹ ಪ್ರಶ್ನೆಯನ್ನು ಬಿಟ್ಟು ಮಲಗುವುದು ಹೇಗೆ?

ಬೆಳಗಿನ ಜಾವ ನಾಲ್ಕು ಗಂಟೆಗೆ ಅವಳೇ ನಮ್ಮನ್ನು ಎಬ್ಬಿಸಿದಳು. ಆಗ್ನೇಯದಲ್ಲಿ ವೃಶ್ಚಿಕವು ಪೂರ್ತಿಯಾಗಿ ಮೇಲೆದ್ದಿತ್ತು. ಅದರ ಕೊಂಡಿಯಲ್ಲಿರುವ ಮೂಲಾ ನಕ್ಷತ್ರದ ಪಕ್ಕದಿಂದ, ಪೂರ್ವದಲ್ಲಿ ಬೆಳಗುತ್ತಿದ್ದ ಶ್ರವಣದ ಕಡೆಗೆ, ಆಕಾಶಗಂಗೆಯು ಹಿಟ್ಟು ಚೆಲ್ಲಿದಂತೆ ಹರಡಿತ್ತು. ಮೂಲಾ ನಕ್ಷತ್ರದ ಹತ್ತಿರದ ದಿಕ್ಕಿನಲ್ಲಿಯೇ, ಸುಮಾರು 26,000 ಜ್ಯೋತಿರ್ವರ್ಷಗಳಾಚೆ, ನಮ್ಮ ಗೆಲಾಕ್ಸಿಯ ನಡುಬಿಂದುವಿದೆ. ನಮ್ಮ ಹಿರಿಯರು ಅದನ್ನು ಅರಿತೇ ‘ಮೂಲಾ’ ಎಂದು ಹೆಸರಿಟ್ಟರೆಂದು ಹೆಮ್ಮೆಪಡುವವರುಂಟು. ಹೆಸರಿನ ಸೊಗಸನ್ನು ನಾವೂ ಮೆಚ್ಚುತ್ತೇವೆ. ಅದಕ್ಕಿಂತ ಹೆಚ್ಚಿಗೆ ಹೇಳುವುದಕ್ಕೆ ನಮಗೆ ಧೈರ್ಯ ಸಾಲದು.

ಹುಡುಗಿಯ ಪ್ರಶ್ನೆಗೆ ಉತ್ತರವೇನೆಂದರೆ, ಇಳಿಯುವ ಅಂಗಳವಿಲ್ಲ. ಮನೆಯ ಒಳಗೇ ಕುಳಿತು, ಗೋಡೆಗಳ ದೂರವನ್ನು ಅಳೆದು, ಹೊರಗಿನ ರೂಪವನ್ನು ಊಹಿಸಬೇಕು. ಆದಕಾರಣವೇ ನಮ್ಮ ಗೆಲಾಕ್ಸಿಗೂ ದಂಡವಿದೆಯೆಂಬುದು ಸ್ಥಿರವಾಗಲು ಬಹುಕಾಲ ಹಿಡಿಯಿತು. 1964ರಲ್ಲಿ ಜೆರಾರ್ ಡಿ ವೊಕೊಲರ್ ಎಂಬ ವಿದ್ವಾಂಸನು, ನಡುಭಾಗದ ಜಲಜನಕದ ಅನಿಲವು ದುಂಡಗೆ ಸುತ್ತದೆ ಓರೆಯಾಗಿ ಹರಿಯುವುದನ್ನು ರೇಡಿಯೋ ಅಳತೆಗಳಿಂದ ತಿಳಿದು, ಇಲ್ಲಿ ದಂಡವಿರಬೇಕೆಂದನು. ಒಪ್ಪಿದವರು ಕೆಲವರೇ. 1991ರಲ್ಲಿ ಬ್ಲಿಟ್ಜ್, ಸ್ಪರ್ಗೆಲ್ ಎಂಬಿಬ್ಬರು ಅವಕೆಂಪು ಬೆಳಕಿನಲ್ಲಿ ನಡುಭಾಗದ ಒಂದು ಪಕ್ಕವು ಇನ್ನೊಂದಕ್ಕಿಂತ ಉಜ್ವಲವಾಗಿರುವುದನ್ನು ಎತ್ತಿ ತೋರಿಸಿದರು. ದಂಡದ ಒಂದು ತುದಿಯು ನಮಗೆ ಹತ್ತಿರವಿದ್ದರೆ ಹಾಗೆಯೇ ತೋರಬೇಕು. 2005ರಲ್ಲಿ ಸ್ಪಿಟ್ಜರ್ ದೂರದರ್ಶಕದಿಂದ ಮೂರು ಕೋಟಿ ನಕ್ಷತ್ರಗಳನ್ನು ಎಣಿಸಿದವರು ದಂಡದ ಉದ್ದವು ಸುಮಾರು 27,000 ಜ್ಯೋತಿರ್ವರ್ಷವೆಂದು ಗೊತ್ತುಮಾಡಿದರು. ಅದರ ಹತ್ತಿರದ ತುದಿಯು ಮೂಲಾ ನಕ್ಷತ್ರಕ್ಕೂ ಶ್ರವಣಕ್ಕೂ ಸರಿಸುಮಾರು ನಡುವೆ ಬರುತ್ತದೆ. ಕೈಯೆತ್ತಿ ಆ ಸ್ಥಳವನ್ನು ತೋರಿಸಿದಾಗ ಹುಡುಗಿಯು ಬಹಳ ಹೊತ್ತು ಮಾತನಾಡಲಿಲ್ಲ.

ರೇಡಿಯೋ ಅಳತೆಯೆಂದೆವಷ್ಟೆ. ಅದರ ಒಂದು ದೊಡ್ಡ ಸ್ಥಾನವು ಇದೇ ಜಿಲ್ಲೆಯಲ್ಲಿರುವಾಗ ಅದನ್ನು ನೋಡದೆ ಹಿಂದಿರುಗುವುದು ಸರಿಯೆನಿಸಲಿಲ್ಲ. ಮರುದಿನ ಹಬ್ಬದ ಊಟ ಮುಗಿಸಿಕೊಂಡು, ಅದರ ಮಾರನೆಯ ಬೆಳಿಗ್ಗೆ ಪಶ್ಚಿಮಕ್ಕೆ ಹೊರಟೆವು. ಹೈದರಾಬಾದಿನ ಹೆದ್ದಾರಿಯನ್ನು ದಾಟಿ, ಗುಡಿಬಂಡೆಯ ಗುಡ್ಡದ ಕೋಟೆಯನ್ನೂ ಅದರಡಿಯ ಭೈರಸಾಗರದ ಕೆರೆಯನ್ನೂ ದಾರಿಯಿಂದಲೇ ನೋಡಿ, ಗೌರಿಬಿದನೂರನ್ನು ಸೇರಿದೆವು. ವಿದುರಾಶ್ವತ್ಥವಿರುವುದೂ ಇದೇ ತಾಲ್ಲೂಕಿನಲ್ಲಿ. 1938ರ ಏಪ್ರಿಲ್ 25ರ ಗೋಲೀಬಾರಿನಿಂದ ಆ ಹೆಸರು ಎಲ್ಲರಿಗೂ ತಿಳಿದದ್ದೇ. ಆದರೆ ನಾವು ಹುಡುಕಿ ಹೋದುದು ಊರ ಹೊರಗಿನ ಬಯಲನ್ನು.

ಸುತ್ತಲೂ ಬೆಟ್ಟಗಳು ಮರೆಯಾಗಿ ನಿಂತ ಈ ತಗ್ಗನ್ನು ವಿಜ್ಞಾನಿಗಳು ಆರಿಸಿದುದು ಅದರ ಚೆಲುವಿಗಲ್ಲ, ಮೌನಕ್ಕೆ. ಪಟ್ಟಣಗಳ ರೇಡಿಯೋ ಗದ್ದಲವನ್ನು ಬೆಟ್ಟಗಳು ತಡೆಯುತ್ತವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೂ, ಸರ್ ಸಿ. ವಿ. ರಾಮನ್ನರು ಸ್ಥಾಪಿಸಿದ ರಾಮನ್ ಸಂಶೋಧನ ಸಂಸ್ಥೆಯೂ ಕೂಡಿ 1970ರ ದಶಕದಲ್ಲಿ ಇಲ್ಲಿ ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದುವು. ದೂರದರ್ಶಕವೆಂದೊಡನೆ ದೊಡ್ಡ ಕೊಳವೆಯನ್ನೋ ಬಟ್ಟಲನ್ನೋ ನಿರೀಕ್ಷಿಸುವವರಿಗೆ ನಿರಾಶೆಯೇ. ಇದು ಕಂಬಗಳ ಮೇಲಿನ ತಂತಿಗಳ ಸಾಲು. ಒಟ್ಟು ಸಾವಿರ ತಂತಿಜೋಡಿಗಳು. ಪೂರ್ವಪಶ್ಚಿಮವಾಗಿ 1.4 ಕಿಲೋಮೀಟರಿನ ಒಂದು ತೋಳು, ಅದರ ನಡುವಿನಿಂದ ದಕ್ಷಿಣಕ್ಕೆ 450 ಮೀಟರಿನ ಇನ್ನೊಂದು, ಇಂಗ್ಲಿಷಿನ ‘ಟಿ’ ಅಕ್ಷರದಂತೆ. ತಂತಿಗಳು ಅಲುಗಾಡುವುದಿಲ್ಲ, ಭೂಮಿಯೇ ತಿರುಗಿ ಆಕಾಶವನ್ನು ಅವುಗಳ ಮೇಲೆ ಹಾಯಿಸುತ್ತದೆ. ಇದು ಕೇಳಿಸಿಕೊಂಡ ಅಲೆಯ ಉದ್ದ ಸುಮಾರು 8.7 ಮೀಟರು.

ಇಷ್ಟು ಉದ್ದದ ಅಲೆಗಳ ಕಥೆಯು ಅಮೆರಿಕದಲ್ಲಿ ಮೊದಲಾಯಿತು. ಕಾರ್ಲ್ ಜಾನ್ಸ್ಕಿ ಎಂಬ ಎಂಜಿನಿಯರನು ಸಮುದ್ರದಾಚೆಯ ಟೆಲಿಫೋನಿನಲ್ಲಿ ಬರುವ ಗೊರಗೊರ ಸದ್ದಿನ ಕಾರಣವನ್ನು ಹುಡುಕುತ್ತಿದ್ದಾಗ, ಒಂದು ಸದ್ದು ಮಾತ್ರ ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಬರುವುದನ್ನು ಗಮನಿಸಿದನು. 23 ಗಂಟೆ 56 ನಿಮಿಷವೆಂದರೆ ನಾಕ್ಷತ್ರದಿನ. ಪಂಚಾಂಗ ಬಲ್ಲವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಸದ್ದು ಭೂಮಿಯದಲ್ಲ, ಸೂರ್ಯನದಲ್ಲ, ಆಕಾಶಗಂಗೆಯದೆಂದು ಅವನು 1933ರಲ್ಲಿ ಪ್ರಕಟಿಸಿದನು. ಗೌರಿಬಿದನೂರಿನ ತಂತಿಗಳಿಂದ ಕೆ. ಎಸ್. ದ್ವಾರಕಾನಾಥ್, ಎನ್. ಉದಯಶಂಕರ್ ಎಂಬ ವಿಜ್ಞಾನಿಗಳು ಇಲ್ಲಿಂದ ತೋರುವ ಆಕಾಶದ ಬಹುಭಾಗವನ್ನು ನಕಾಶೆಯಾಗಿ ಇಳಿಸಿ 1990ರಲ್ಲಿ ಪ್ರಕಟಿಸಿದರು. ಅದರಲ್ಲಿ ಆಕಾಶಗಂಗೆಯ ಪಟ್ಟೆಯು ಧಗಧಗಿಸುತ್ತದೆ. ದಂಡವೇ ಅದರಲ್ಲಿ ಕಾಣುವುದೆಂದು ವಾಚಕರು ತಿಳಿಯಬಾರದು; ಅಯಸ್ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳ ಪ್ರಭೆಯದು. ಆದರೂ ಮನೆಯೊಳಗೆ ಕುಳಿತು ಗೋಡೆ ಅಳೆದವರಲ್ಲಿ ನಮ್ಮ ಜಿಲ್ಲೆಯ ಬಯಲಿಗೂ ಒಂದು ಪಾಲುಂಟು. 1997ರಿಂದ ಇಲ್ಲಿ ಸೂರ್ಯನನ್ನು ನೋಡುವ ಬೇರೊಂದು ಏಂಟೆನಾಗಳ ಸಾಲೂ ಇದೆ. ಹಳೆಯ ಕಾಲದ ಟೆಲಿವಿಷನ್ ಏಂಟೆನಾಗಳನ್ನು ಯಾರೋ ಹೊಲದಲ್ಲಿ ನಾಟಿ ಮಾಡಿದಂತೆ ಅವು ತೋರುತ್ತವೆ.

ದೂರದ ಸುರುಳಿಗಳ ಹುಡುಕಾಟದಲ್ಲಿ ನಮ್ಮ ದೇಶದವರು ಹಿಂದೆ ಬಿದ್ದಿಲ್ಲ. 2025ರಲ್ಲಿ ಪುಣೆಯ ರಾಷ್ಟ್ರೀಯ ರೇಡಿಯೋ ಖಗೋಳ ಕೇಂದ್ರದ ರಾಶಿ ಜೈನ್, ಯೋಗೇಶ್ ವಾಡದೇಕರ್ ಎಂಬವರು ವೆಬ್‌ನ ಚಿತ್ರಗಳಲ್ಲಿಯೇ, ವಿಶ್ವಕ್ಕೆ 150 ಕೋಟಿ ವರ್ಷವಾಗಿದ್ದಾಗಿನ ಒಂದು ಸೊಗಸಾದ ಸುರುಳಿಯನ್ನು ಕಂಡುಹಿಡಿದು ಅದಕ್ಕೆ ‘ಅಲಕನಂದಾ’ ಎಂದು ಹೆಸರಿಟ್ಟರು. ಹಿಂದಿಯಲ್ಲಿ ಆಕಾಶಗಂಗೆಗೆ ಮಂದಾಕಿನಿಯೆಂಬ ಹೆಸರುಂಟು. ಹಿಮಾಲಯದಲ್ಲಿ ಅಲಕನಂದೆಯು ಮಂದಾಕಿನಿಯ ಸೋದರಿ. ಸಂಖ್ಯೆಗಳಿಗಿಂತ ಇಂತಹ ಹೆಸರು ನಾಲಗೆಗೂ ನೆನಪಿಗೂ ಹಿತ.

ಆದರೆ ಮಾಳಿಗೆಯಿಂದ ನೋಡುವ ಆಕಾಶದ ಸ್ಥಿತಿಯು ಹಿತವಾಗಿಲ್ಲ. ವಿಶ್ವದ ಇನ್ನೊಂದು ಅಂಚಿನ ದಂಡವನ್ನು ಕಂಡುಹಿಡಿದ ಕಾಲದಲ್ಲಿಯೇ ನಮ್ಮದೇ ದಂಡವಿರುವ ಆಕಾಶಗಂಗೆಯು ಊರೂರಿನಿಂದ ಮಾಯವಾಗುತ್ತಿದೆ. ದಿಬ್ಬೂರಹಳ್ಳಿಯ ಆ ಅಜ್ಜಿಯು ಹೇಳುವಂತೆ, ಆಕೆ ಸೊಸೆಯಾಗಿ ಬಂದಾಗ ಊಟದ ಹೊತ್ತಿಗೇ ಕಾಣುತ್ತಿದ್ದ ಚುಕ್ಕಿಗಳು ಈಗ ನಡುರಾತ್ರಿಯ ಸೊಪ್ಪಿನ ಹೊತ್ತಿಗೆ ಮಾತ್ರ ಕಾಣುತ್ತವೆ. ಬೀದಿಗೆ ದೀಪ ಬೇಡವೆಂದು ಹಳ್ಳಿಯವರಿಗೆ ಬುದ್ಧಿ ಹೇಳುವಷ್ಟು ಅವಿವೇಕ ನಮಗಿಲ್ಲ. ಹಾವು ಚೇಳುಗಳ ಭಯವನ್ನು ಪಟ್ಟಣದಲ್ಲಿ ಕುಳಿತು ತೂಗಲಾಗದು. ಆದರೆ ದೀಪಕ್ಕೆ ಮೇಲೊಂದು ಮುಚ್ಚಳವಿಟ್ಟು ಬೆಳಕನ್ನೆಲ್ಲ ನೆಲಕ್ಕೆ ಬೀಳಿಸಿದರೆ ನಡೆಯುವವನಿಗೂ ಅನುಕೂಲ, ಆಕಾಶಕ್ಕೂ ಅನುಕೂಲ, ವೆಚ್ಚವೂ ಅಷ್ಟೇನಿಲ್ಲ.

ನೋಡಬಯಸುವ ವಾಚಕರಿಗೆ ಕೆಲವು ಸೂಚನೆಗಳು. ಮಾಘದಿಂದ ಚೈತ್ರದವರೆಗೆ ಈ ಸೀಮೆಯ ಆಕಾಶವು ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಅಮಾವಾಸ್ಯೆಯ ಹಿಂದುಮುಂದಿನ ಮೂರು ದಿನಗಳನ್ನು ಆರಿಸಿಕೊಳ್ಳಬೇಕು. ಚೈತ್ರದಲ್ಲಾದರೆ ಮರೀಚಿಯ ಪಕ್ಕದ ತುಣುಕನ್ನು ರಾತ್ರಿ ಹತ್ತರ ಮೇಲೆ, ಮೂಲಾ-ಶ್ರವಣಗಳ ನಡುವಣ ದಂಡವನ್ನು ಬೆಳಗಿನ ಜಾವ ನಾಲ್ಕರ ಸುಮಾರಿಗೆ ನೋಡತಕ್ಕದ್ದು. ದೂರದರ್ಶಕವೇನೂ ಬೇಡ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಮೊಬೈಲನ್ನು ಜೇಬಿನಿಂದ ತೆಗೆಯಬಾರದು. ಗೌರಿಬಿದನೂರಿನ ಕೇಂದ್ರವನ್ನು ನೋಡಬೇಕೆನ್ನುವವರು ಮೊದಲೇ ಬರೆದು ಅನುಮತಿ ಪಡೆಯುವುದು ಲೇಸು. ಮಾಳಿಗೆಯ ಮೇಲೆ ಮಲಗುವವರು ಒಂದು ದಪ್ಪ ಕಂಬಳಿಯನ್ನು ಮರೆಯದಿರಲಿ; ಹಗಲು ಎಷ್ಟೇ ಬಿಸಿಯಿದ್ದರೂ ಈ ಬಂಡೆಗಳ ಸೀಮೆಯಲ್ಲಿ ಮೂರು ಗಂಟೆಯ ಮೇಲೆ ಗಾಳಿಯು ಕೊರೆಯುತ್ತದೆ.